ಹೆಣ್ಣಾಳು 1

ನವೆಂಬರಿನಲ್ಲಿ ಅಪ್ಪಯ್ಯನ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಆಗಬೇಕಿತ್ತು. ರಿಟೈರ್ಡ್ ಮಾಸ್ತರು. ಜಗಲಿಯಲ್ಲಿ ಕೂತೇ ಮೊಬೈಲಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಿದರು, ಮುಗೀತು.

ಅದೇ ವಾರ, ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಅಜ್ಜಿಯನ್ನು ಸಂಧ್ಯಾ ಸುರಕ್ಷಾ ದುಡ್ಡು ತೆಗೆಸಲು ಬೈಕಲ್ಲಿ ಕೂರಿಸಿಕೊಂಡು ಹೋಗಿದ್ದೆ. ತಿಂಗಳಿಗೆ 1200 ರೂಪಾಯಿ. ಹೆಬ್ಬೆಟ್ಟು ಒತ್ತಿದರು, ಮಷಿನ್ ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದರು, ಊಹೂಂ. ವರ್ಷಾ ವರ್ಷಾ ಮೆಟ್ಟುಗತ್ತಿ ಮುಂದೆ ಕೂತು ನಮ್ಮ ಅಡಿಕೆ ಸುಲಿದ ಬೆರಳು ಅದು, ಗೆರೆ ಎಲ್ಲಿಂದ ಬರಬೇಕು? 'ನಾಳೆ ಬರೋಣ ಬಿಡಿ ಒಡೆಯಾ' ಅಂದರು. ನನಗಿಂತ ಮೂವತ್ತು ವರ್ಷ ದೊಡ್ಡವರು. ನಮ್ಮ ಮನೆಯಲ್ಲಿ ಅವರನ್ನು ಎಲ್ಲರೂ ಕರೆದದ್ದು 'ಬಾರೇ, ಹೋಗೇ' ಅಂತಲೇ, ನಾನೂ ಸೇರಿ.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ನಮ್ಮ ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ಇಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅಷ್ಟೊತ್ತಿಗೆ ಅಜ್ಜಿಯ ದುಡಿಯುವ ವಯಸ್ಸು ಅರ್ಧಕ್ಕಿಂತ ಜಾಸ್ತಿ ಕಳೆದಿತ್ತು.

ಅಮೆರಿಕದ ಪಿಂಚಣಿ ಕಥೆ ಓದಿದಾಗ ನನಗೆ ಈ ಹೆಬ್ಬೆಟ್ಟೇ ಕಣ್ಣಿಗೆ ಬಂತು. ಅಲ್ಲಿ 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಕಾನೂನು ಬಂತು. ಅದರಲ್ಲಿ ಬಣ್ಣದ ಮಾತೇ ಇಲ್ಲ. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು, ಅಷ್ಟೇ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಹೆಚ್ಚಾಗಿ ಮಾಡುತ್ತಿದ್ದದ್ದು ಅದೇ ಎರಡು ಕೆಲಸ! 1950 ಮತ್ತು 1954ರ ತಿದ್ದುಪಡಿಗಳಲ್ಲಿ ಬಹಳಷ್ಟು ಜನ ಒಳಗೆ ಬಂದರು. ಆದರೂ ಪಿಂಚಣಿ ಲೆಕ್ಕ ಹಾಕುವುದು ಅತಿ ಹೆಚ್ಚು ಗಳಿಸಿದ 35 ವರ್ಷದ ಮೇಲೆ. ಕೆಲಸ ಇಲ್ಲದ ವರ್ಷ, ದಾಖಲೆ ಇಲ್ಲದ ವರ್ಷ ಎಲ್ಲ ಸೊನ್ನೆ. ಕಡಿಮೆ ಗಳಿಸಿದವರಿಗೆ ಶೇಕಡಾವಾರು ಸ್ವಲ್ಪ ಜಾಸ್ತಿ ಕೊಡುತ್ತಾರೆ ನಿಜ, ಆದರೆ ಹರೆಯದಲ್ಲಿ ಸಿಗದ ಕೂಲಿ ಮುಪ್ಪಿನಲ್ಲಿ ಎಲ್ಲಿಂದ ಸಿಗಬೇಕು?

ನಮ್ಮಲ್ಲಿ ತೋಟದ ಆಳಿಗೆ ಪಿಎಫ್ ಕಟ್ಟಿದವರನ್ನು ನಾನಂತೂ ನೋಡಿಲ್ಲ. ನಾವೂ ಕಟ್ಟಿಲ್ಲ. 'ಅಡಿಕೆ ರೇಟಲ್ಲಿ ನಮ್ಮದೇ ಕಷ್ಟ' ಅಂತ ಅಪ್ಪಯ್ಯ ಹೇಳುತ್ತಾರೆ. ರೇಟು ಏರಿದ ವರ್ಷ ಮನೆಗೆ ಆರ್‌ಸಿಸಿ ಹಾಕಿಸಿದ್ದು ನನಗೆ ನೆನಪಿದೆ.

ಮರುದಿನ ಎಡಗೈ ಬೆರಳು ಹಿಡಿಯಿತು, ದುಡ್ಡು ಬಂತು. ಆ ರಾತ್ರಿ ಸುಮ್ನೆ ಮನೆಯ ಹಳೇ ಲೆಕ್ಕದ ಪುಸ್ತಕಗಳನ್ನು ತೆಗೆದು ನೋಡಿದೆ, ಅಜ್ಜಿ ಎಷ್ಟು ವರ್ಷ ದುಡಿದರು ಅಂತ. ಗೊಬ್ಬರದ ಅಂಗಡಿಯವನ ಹೆಸರಿದೆ, ಲಾರಿ ನಂಬರಿದೆ. ಅಜ್ಜಿ ಬಂದ ದಿನಗಳೆಲ್ಲ ಇವೆ, ಸಾಲು ಸಾಲಾಗಿ: ಹೆಣ್ಣಾಳು 1, ಹೆಣ್ಣಾಳು 1.