ನಾನು ಬರೆದ ಜ್ವರ

ಮಾನನಷ್ಟದ ಖಾಸಗಿ ದೂರೊಂದರಲ್ಲಿ ನಮ್ಮ ಕಕ್ಷಿದಾರರು ಆರೋಪಿಯಾಗಿದ್ದರು. ಅವರು ಕಲಬುರಗಿಯ ಸಣ್ಣ ವಾರಪತ್ರಿಕೆಯೊಂದರ ಸಂಪಾದಕರು, 70 ದಾಟಿದವರು. ಜಾಮೀನಾದ ಬಳಿಕ ಪ್ರತಿ ವಾಯಿದೆಗೂ ಅವರು ಬೆಂಗಳೂರಿಗೆ ಬರುವುದು ಬೇಡವೆಂದು ನಾನೇ ಹೇಳಿ, ಇ.ಪಿ., ಅಂದರೆ ಆ ದಿನದ ಹಾಜರಿಯಿಂದ ವಿನಾಯಿತಿ ಕೋರುವ ಅರ್ಜಿ, ಹಾಕುತ್ತಾ ಹೋದೆ. ಕಚೇರಿಯ ಕಂಪ್ಯೂಟರಿನಲ್ಲಿದ್ದ ಮಾದರಿಯಲ್ಲಿ ದಿನಾಂಕವನ್ನಷ್ಟೇ ಬದಲಿಸುತ್ತಿದ್ದೆ. ಕಾರಣದ ಜಾಗದಲ್ಲಿ 'ತೀವ್ರ ಜ್ವರ' ಎಂಬುದು ಹಾಗೆಯೇ ಉಳಿಯುತ್ತಿತ್ತು. ಮೂರು ಬಾರಿ ಮಂಜೂರಾಯಿತು.

ನಾಲ್ಕನೆಯ ಬಾರಿ ದೂರುದಾರರ ವಕೀಲರು ಎದ್ದು ನಿಂತು, ಹಿಂದಿನ ದಿನ ನಮ್ಮ ಕಕ್ಷಿದಾರರು ಕಲಬುರಗಿಯ ಸಭೆಯೊಂದರಲ್ಲಿ ಮಾತನಾಡುತ್ತಿದ್ದ ಚಿತ್ರವನ್ನು ಪೀಠಕ್ಕೆ ಕೊಟ್ಟರು. ನ್ಯಾಯಾಧೀಶರು ಹಳೆಯ ಮೂರೂ ಅರ್ಜಿಗಳನ್ನು ಕಡತದಲ್ಲಿ ಹುಡುಕಿ ಒಂದೊಂದಾಗಿ ಓದಿದರು. ಪುಟ ತಿರುವುವ ಸದ್ದಿನ ಹೊರತು ಬೇರೇನೂ ಕೇಳಿಸದ ಆ ಎರಡು ಮೂರು ನಿಮಿಷಗಳಲ್ಲಿ ಪಾಸ್ ಓವರ್, ಅಂದರೆ ಪ್ರಕರಣವನ್ನು ಅಂದೇ ಸ್ವಲ್ಪ ಹೊತ್ತಿನ ಬಳಿಕ ಕರೆಯುವಂತೆ, ಕೇಳಬೇಕೆಂಬುದು ಸಹ ನನಗೆ ಹೊಳೆಯಲಿಲ್ಲ. ಇ.ಪಿ. ತಿರಸ್ಕೃತವಾಯಿತು, ಎನ್‌ಬಿಡಬ್ಲ್ಯು ಎಂಬ ಜಾಮೀನುರಹಿತ ಬಂಧನ ವಾರಂಟ್ ಹೊರಟಿತು.

ಸಂಜೆ ಫೋನಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ವಕೀಲರೇ, ನನಗ ಜ್ವರ ಬಂದದಂತ ನಾ ಯಾವಾಗ ಹೇಳೀನ್ರಿ?"

ವಾರಂಟ್ ರದ್ದು ಕೋರುವ ರೀಕಾಲ್‌ಗಾಗಿ ಅವರು ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬಂದರು. ಅಂದೇ ನಮ್ಮ ಸೀನಿಯರ್ ಸೂಚನೆಯಂತೆ ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 228ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 205ರ ಅಡಿಯಲ್ಲಿ, ಖುದ್ದು ಹಾಜರಿಯಿಂದಲೇ ವಿನಾಯಿತಿ ಕೋರಿ ಅರ್ಜಿ ಹಾಕಿದೆ. ನಾನು ಅಲ್ಲಿಯವರೆಗೆ ನೆಚ್ಚಿಕೊಂಡಿದ್ದ 355ನೇ ಕಲಂ, ಹಳೆಯ 317, ಆಯಾ ದಿನದ ತೊಂದರೆಗೆ ಒದಗುವಂಥದ್ದು. ವಯಸ್ಸು ಮತ್ತು ದೂರ ವಾಯಿದೆಯಿಂದ ವಾಯಿದೆಗೆ ಬದಲಾಗುವ ತೊಂದರೆಗಳಲ್ಲ. ಮಾನನಷ್ಟಕ್ಕೆ ಗರಿಷ್ಠ ಶಿಕ್ಷೆ 2 ವರ್ಷಗಳ ಸಾದಾ ಸೆರೆವಾಸವಾದ್ದರಿಂದ ಇದು ಸಮನ್ಸ್ ಪ್ರಕರಣ. ಇಂಥ ಪ್ರಕರಣದಲ್ಲಿ ಆರೋಪಿಯ ಖುದ್ದು ಹಾಜರಿಗೆ ಪಟ್ಟು ಹಿಡಿಯುವುದೇ ದೊಡ್ಡ ಸಂಕಷ್ಟವಾಗುವುದಾದರೆ ವಿನಾಯಿತಿ ನೀಡಬಹುದೆಂದು ಸುಪ್ರೀಂ ಕೋರ್ಟ್ 2001ರ ಭಾಸ್ಕರ್ ಇಂಡಸ್ಟ್ರೀಸ್ ತೀರ್ಪಿನಲ್ಲಿ ಹೇಳಿದೆ. ಗುರುತನ್ನು ಪ್ರಶ್ನಿಸುವುದಿಲ್ಲ, ವಕೀಲರು ಹಾಜರಿರುತ್ತಾರೆ, ತಮ್ಮ ಗೈರಿನಲ್ಲಿ ಸಾಕ್ಷ್ಯ ದಾಖಲಿಸಲು ಆಕ್ಷೇಪವಿಲ್ಲ ಎಂಬ ಮುಚ್ಚಳಿಕೆಯನ್ನು ಆ ತೀರ್ಪಿನಂತೆಯೇ ಬರೆದುಕೊಟ್ಟೆವು. ಇದನ್ನು ಮೊದಲ ವಾಯಿದೆಯಲ್ಲೇ ಮಾಡಬಹುದಿತ್ತು ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕಾರಣದ ಜಾಗವನ್ನು ಖಾಲಿ ಬಿಟ್ಟು, ನ್ಯಾಯಾಲಯದ ವರಾಂಡದಲ್ಲಿ ಅವರ ಪಕ್ಕ ಕುಳಿತು ಕೇಳಿ ಬರೆದುಕೊಂಡೆ: ಮಂಡಿ ನೋವು, ಮನೆಯಲ್ಲಿ ಒಬ್ಬರೇ ಇರುವ ಪತ್ನಿ, ಸುಮಾರು 600 ಕಿಲೋಮೀಟರ್ ದಾರಿ. ಅವರು ಎರಡು ಬಾರಿ ಓದಿದ ಬಳಿಕವೇ ಸಹಿ ಹಾಕಿದರು.