ಹಳಿ ಗಾಲಿಯಿಂದ ಟೈರಿಗೆ: ಗಡಿಸೀಮೆಯ ಚಕ್ಕಡಿ

ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟ ಕಡೆಯ ಎರೆನೆಲದಲ್ಲಿ ಚಕ್ಕಡಿ ಬಾಳುವುದೂ ಕೈಕೊಡುವುದೂ ಗಾಲಿಯಿಂದಲೇ. ಮೇಲಿನ ಚೌಕಟ್ಟನ್ನು ಯಾವ ಬಡಿಗನಾದರೂ ಮಾಡಿಯಾನು. ಗಾಲಿಗೆ ಮಾತ್ರ ಬಡಿಗನೂ ಬೇಕು, ಕಮ್ಮಾರನೂ ಬೇಕು.

ಮರ ಹೆಚ್ಚಾಗಿ ಜಾಲಿಯದು. ನಡುವೆ ಅಚ್ಚು ತೂರುವ ಗುಂಬ, ಅದಕ್ಕೆ ನೆಟ್ಟ 12 ಆರೆ ಕಡ್ಡಿ, ಹೊರಸುತ್ತಿಗೆ ಬಾಗಿದ 6 ಮರದ ತುಂಡು, ಒಂದೊಂದು ತುಂಡಿಗೆ ಎರಡೆರಡು ಆರೆ. ಮರ ಚೆನ್ನಾಗಿ ಒಣಗಿರಬೇಕು. ಹಸಿಯಿದ್ದಾಗಲೇ ಕೂಡಿಸಿದರೆ ಮುಂದೆ ಒಣಗಿ ಕುಗ್ಗಿ, ಆರೆಗಳು ತೂತಿನಲ್ಲಿ ಅಲ್ಲಾಡತೊಡಗುತ್ತವೆ.

ಇಷ್ಟನ್ನೂ ಬಿಗಿಹಿಡಿಯುವುದು ಕಬ್ಬಿಣದ ಹಳಿ. ಗಾಲಿಯ ಸುತ್ತಳತೆ ತೆಗೆದು, ಹಳಿಯನ್ನು ಅದಕ್ಕಿಂತ ಅರ್ಧ-ಮುಕ್ಕಾಲು ಇಂಚು ಕಮ್ಮಿ ಮಾಡಿ ಬೆಸೆಯುತ್ತಾರೆ. ಆಮೇಲೆ ಕುಳ್ಳಿನ ಬೆಂಕಿಯಲ್ಲಿ ಸುತ್ತಲೂ ಒಂದೇ ಸಮ ಕಾಯಿಸಬೇಕು. ನಾಲ್ಕೂವರೆ ಅಡಿ ಎತ್ತರದ ಗಾಲಿಯ ಹಳಿ ಕೆಂಪಗೆ ಕಾದಾಗ ಒಂದು ಇಂಚಿಗೂ ಮಿಕ್ಕಿ ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ಕೂಡಿಸಿ, ಸುತ್ತಿಗೆಯಿಂದ ಬಡಿದು ಕೂರಿಸಿ, ತಡಮಾಡದೆ ನೀರು ಸುರಿಯಬೇಕು. ಇಲ್ಲದಿದ್ದರೆ ಮರ ಸುಟ್ಟು ಹಿಡಿತವೇ ಹೋಗುತ್ತದೆ. ಹಳಿ ತೀರ ಚಿಕ್ಕದಾದರೆ ತಣಿಯುವಾಗ ಆರೆಗಳನ್ನು ಒತ್ತಿ ಬಗ್ಗಿಸುತ್ತದೆ, ಒಮ್ಮೊಮ್ಮೆ ಸೀಳಿಯೂಬಿಡುತ್ತದೆ. ಸಡಿಲಾದರೆ ಬೇಸಿಗೆಯಲ್ಲಿ ಮರ ಕುಗ್ಗಿದಾಗ ಕಳಚಿ ಬೀಳುತ್ತದೆ. ಗಾಲಿಯನ್ನು ನೀರಲ್ಲಿ ನೆನೆಹಾಕಿದರೆ ಮರ ಉಬ್ಬಿ ಕೆಲವು ದಿನ ನಡೆದೀತು, ಮತ್ತೆ ಅದೇ ಪಾಡು. ಹಳಿ ಇಳಿಸಿ, ಚೂರು ಕತ್ತರಿಸಿ, ಮರಳಿ ಬೆಸೆದು ಏರಿಸುವುದೇ ಸರಿಯಾದ ದುರಸ್ತಿ.

ಅಚ್ಚಿಗೆ ಕೀಲೆಣ್ಣೆ ತಪ್ಪಿಸಬಾರದು. ಗಾಲಿ ಕಿರುಗುಟ್ಟುವ ಹೊತ್ತಿಗೆ ಗುಂಬದೊಳಗಿನ ಕಬ್ಬಿಣದ ಬಳೆ ಸವೆಯತೊಡಗಿರುತ್ತದೆ. ಅಚ್ಚಿನ ತುದಿಯಲ್ಲಿ ಗಾಲಿಯನ್ನು ತಡೆದಿಡುವ ಕಡಾಣಿಯನ್ನು ಹೊರಡುವ ಮುಂಚೆ ಕೈಯಿಟ್ಟು ನೋಡಬೇಕು. ಅದು ಬಿದ್ದರೆ ಗಾಲಿ ಅಚ್ಚಿನಿಂದ ಜಾರಿ ಹೋಗುತ್ತದೆ.

ಹೇರು ಅಚ್ಚಿನ ಮೇಲೆ ಸರಿಯಾಗಿ ಕೂತು, ಮುಂದಕ್ಕೆ ತುಸುವೇ ವಾಲಿರಬೇಕು. ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತನ್ನು ನೊಗಕ್ಕೆ ಕಟ್ಟುವ ಕೊರಳಪಟ್ಟಿ (ಜತ್ತಿಗೆ) ಬಿಗಿದು ಎತ್ತಿಗೆ ಉಸಿರುಕಟ್ಟುತ್ತದೆ.

ಜೋಡೆತ್ತಿನ ಗಾಡಿ ಈ ನೆಲಕ್ಕೆ ಹೊಸದಲ್ಲ. ಅಹಮದನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ದೈಮಾಬಾದಿನಲ್ಲಿ 1974ರಲ್ಲಿ ಸಿಕ್ಕ ಪ್ರಾಚೀನ ಕಂಚಿನ ಬೊಂಬೆಗಳಲ್ಲಿ ಜೋಡೆತ್ತು ಎಳೆಯುವ ರಥವೂ ಇದೆ. ಸೊಲ್ಲಾಪುರಕ್ಕೆ 1860ರಲ್ಲಿ ರೈಲು ಬಂತು, 1897ರಲ್ಲಿ ಬಾರ್ಶಿಗೆ ಸಣ್ಣ ಗೇಜಿನದೂ ಬಂತು. ದೂರದ ಹತ್ತಿ ಸಾಗಣೆ ಬಂಡಿಯ ಕೈತಪ್ಪಿತು. ಆದರೆ ಹೊಲದಿಂದ ಸ್ಟೇಷನ್ನಿಗೆ ಮಾಲು ಮುಟ್ಟಿಸುವವರು ಯಾರು? ಆ ಕೆಲಸ ಚಕ್ಕಡಿಗೇ ಉಳಿಯಿತು.

ಈಗ ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ದಾರಿಯಲ್ಲಿ ಕಾಣುವುದು ಟೈರ್ ಗಾಡಿ. ಡಾಂಬರಿನ ಮೇಲೆ ಹಳಿ ಗಾಲಿಗಿಂತ ಇದೇ ಮೇಲು: ಬೇರಿಂಗ್ ಇರುವುದರಿಂದ ಎಳೆತ ಹಗುರ, ರಸ್ತೆಯೂ ಕೆಡುವುದಿಲ್ಲ. ಮಳೆಯಾದ ಎರೆಯಲ್ಲಿ ಮಾತ್ರ ಎತ್ತರದ ಹಳೆ ಗಾಲಿಯೇ ವಾಸಿ. ಗಾಲಿ ದೊಡ್ಡದಾದಷ್ಟೂ ಗುಂಡಿಯಿಂದ ಮೇಲೇಳುವುದು ಸಲೀಸು. ಎಳೆತ ಹಗುರಾಯಿತೆಂದು ಜನ ಹೇರು ಹೆಚ್ಚಿಸಿದರು, ಬ್ರೇಕ್ ಹಾಕಿಸುವ ಗೋಜಿಗೆ ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡ ಕೊರತೆ ಇದೇ. ಸಮನೆಲದಲ್ಲಿ ಸಲೀಸಾಗಿ ಉರುಳುವ ಎರಡು ಟನ್ ಕಬ್ಬು ಇಳಿಜಾರಿನಲ್ಲಿ ಎತ್ತಿನ ಮೇಲೇ ನುಗ್ಗುತ್ತದೆ. ಎಂಥ ಗಟ್ಟಿ ಖಿಲಾರಿ ತಳಿಯ ಎತ್ತೂ ಕೊರಳೊಡ್ಡಿ ಅದನ್ನು ಎಷ್ಟು ದೂರ ತಡೆದೀತು? ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಸುವುದು ಹಳೆಯ ಉಪಾಯ. ಟೈರಿಗೆ ಒತ್ತುವ ಮರದ ಗಟ್ಟಿಯನ್ನು ಸನ್ನೆಗೋಲಿಗೆ ಜೋಡಿಸಿ, ಹಗ್ಗ ಗಾಡಿ ಹೊಡೆಯುವವನ ಕೈಗೆ ಸಿಗುವಂತೆ ಬಿಟ್ಟರೆ ಇನ್ನೂ ಅನುಕೂಲ.

1965ರ ಕೇಂದ್ರ ನಿಯಮದ ಪ್ರಕಾರ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವುದೇ ನಿಷಿದ್ಧ. ಸೊಲ್ಲಾಪುರದ ಮಾರ್ಚಿ ತಿಂಗಳಿಗೆ ಈ ಕೊನೆಯ ಮಾತು ನೇರವಾಗಿ ತಾಗುತ್ತದೆ, ಹಂಗಾಮು ಮುಗಿಸುವ ಅವಸರ ಇರುವುದೂ ಆಗಲೇ.