ಒಂದು ಕವಳದ ದೂರ

ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನ ಕಡವಿಗೆ ನಾವು ಬಂದು ನಿಂತಾಗ ಲಾಂಚ್ ಆಚೆ ದಡದಲ್ಲಿತ್ತು. ಅಷ್ಟು ದೂರಕ್ಕೆ ಅದು ನೀರಿನ ಮೇಲಿಟ್ಟ ಬೆಂಕಿಪೊಟ್ಟಣದ ಹಾಗೆ ಕಾಣುತ್ತಿತ್ತು. 2025ರ ಜನವರಿ. ಸಾಗರದ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಂಡು ಊರಿಗೆ ಹೊರಟಿದ್ದ ದೊಡ್ಡಮ್ಮನನ್ನು ಕರೆದುಕೊಂಡು ನಾನೂ ತುಮರಿಯ ಕಡೆಗೆ ಹೊರಟಿದ್ದೆ. ದೊಡ್ಡಮ್ಮ ಗಡಿಯಾರ ನೋಡಲಿಲ್ಲ, ಆಚೆ ದಡವನ್ನೂ ನೋಡಲಿಲ್ಲ. ಕಟ್ಟೆಯ ಮೇಲೆ ಕುಳಿತು, ಬರುವವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸತೊಡಗಿದರು. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ಅಡಿಕೆ ಕೊಯ್ಲು ಮುಗಿಯಿತು, ಯಾರ ಮಗಳ ಮದುವೆ ಎಲ್ಲಿಗೆ ಬಂತು. ಲಾಂಚಿಗೆ ಕಾಯುವ ಸಮಯವನ್ನು ಅವರು ಒಂದು ದಿನವೂ ವ್ಯರ್ಥವೆಂದು ಎಣಿಸಿದವರಲ್ಲ. ಊರಿನ ಸುದ್ದಿಯೆಲ್ಲ ಸಿಗುವುದು ಅಲ್ಲಿಯೇ.

ಲಾಂಚ್ ಬಂದು ದಡಕ್ಕೆ ತಾಗಿತು. ಮೊದಲು ಬಸ್ ಏರಿತು, ಅದರ ಹಿಂದೆ ಎರಡು ಕಾರು, ಕೊನೆಗೆ ಒಂದು ಪಿಕಪ್ ವಾಹನ. ಉಳಿದ ಜಾಗದಲ್ಲಿ ನಾವೆಲ್ಲ. ಪಿಕಪ್ಪಿನಲ್ಲಿ ಒಂದು ಹೊಸ ಕಬ್ಬಿಣದ ಬೀರು ನಿಂತಿತ್ತು. ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಲಾಂಚ್ ಹೊರಟಂತೆ ಆ ಕನ್ನಡಿಯೊಳಗೆ ಹಿನ್ನೀರು, ಗುಡ್ಡ, ಇನ್ನೂ ಕಟ್ಟಿ ಮುಗಿಯದ ಸೇತುವೆ ಎಲ್ಲವೂ ತೇಲತೊಡಗಿದವು. ಮೊದಲು ಕಾಲೇಜಿನ ಹುಡುಗನೊಬ್ಬ ಅದರಲ್ಲಿ ನೋಡಿಕೊಂಡು ತಲೆ ಬಾಚಿಕೊಂಡ. ಅವನ ಹಿಂದೆ ಇಬ್ಬರು ಹೆಂಗಸರು ಬಂದು ಸೆರಗು ಸರಿಮಾಡಿಕೊಂಡರು. ದೊಡ್ಡಮ್ಮ ಕುಂಕುಮ ತಿದ್ದಿಕೊಂಡರು. ಹೊಳೆಯ ನಡುವಿಗೆ ಬರುವಷ್ಟರಲ್ಲಿ ಕನ್ನಡಿಯ ಮುಂದೆ ಸಾಲು ನಿಂತಿತ್ತು.

ಬೀರಿನ ಯಜಮಾನ, ಹೊಸದಾಗಿ ಮದುವೆಯಾದ ಯುವಕ, ನಗುತ್ತಾ ಹೇಳಿದ: "ಮನೆ ಸೇರುವ ಮೊದಲೇ ನನ್ನ ಬೀರು ಹಳೆಯದಾಗುತ್ತದೆ."

ಮೀಸೆ ತೀಡಿಕೊಳ್ಳುತ್ತಿದ್ದ ಅಜ್ಜರೊಬ್ಬರು ಕನ್ನಡಿಯಿಂದ ಕಣ್ಣು ತೆಗೆಯದೆಯೇ ಉತ್ತರಿಸಿದರು: "ಹಾಗಲ್ಲ ತಮ್ಮಾ, ಊರವರ ಮುಖವೆಲ್ಲ ಈಗಲೇ ಒಳಗೆ ಸೇರಿತು. ಬಟ್ಟೆ ಇಡುವ ಮೊದಲೇ ನಿನ್ನ ಬೀರು ತುಂಬಿತು."

ಇಡೀ ಲಾಂಚ್ ನಕ್ಕಿತು. ಚುಕ್ಕಾಣಿಯ ಬಳಿ ನಿಂತವನೂ ನಕ್ಕ. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ದೊಡ್ಡಮ್ಮ ಅಷ್ಟರಲ್ಲಿ ಸಂಚಿ ಬಿಚ್ಚಿದ್ದರು. ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆ ಹೋಳು ಇಟ್ಟು ಮಡಿಸಿ ಬಾಯಿಗಿಟ್ಟರೆ, ಆ ಕವಳ ಮುಗಿಯುವ ಹೊತ್ತಿಗೆ ಸರಿಯಾಗಿ ಲಾಂಚ್ ಕಳಸವಳ್ಳಿಯ ದಡ ಮುಟ್ಟಬೇಕು. ಹೊಳೆಯ ಅಗಲವನ್ನು ಅವರು ಅಳೆಯುತ್ತಿದ್ದುದು ಹಾಗೆ: ಒಂದು ಕವಳದ ದೂರ. ಎದುರುಗಾಳಿ ಇದ್ದರೆ ಒಂದೂಕಾಲು.

ಇದನ್ನು ಅವರು 'ಹೊಳೆ' ಎನ್ನುತ್ತಾರಾದರೂ ಇದು ಹೊಳೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿಂದಕ್ಕೆ ಏರಿ ಕಣಿವೆಗಳನ್ನೆಲ್ಲ ತುಂಬಿ ನಿಂತ ನೀರು. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅಚ್ಚು ಹಾಕುವ 1819 ಅಡಿ ಎಂಬ ಅಂಕಿ ನಮಗೆ ಜಲಾಶಯದ ಗರಿಷ್ಠ ಮಟ್ಟ. ದೊಡ್ಡಮ್ಮನಿಗೆ ಅದು ಗದ್ದೆ, ಬಾವಿ, ಶಾಲೆಗೆ ಹೋಗುವ ದಾರಿ ಎಷ್ಟು ಆಳದಲ್ಲಿವೆ ಎಂಬ ಲೆಕ್ಕ. ಮುಳುಗಡೆಯಾದಾಗ ಅವರಿಗೆ ಹದಿಮೂರು ವರ್ಷ. ಮನೆಯ ಕಂಬ, ಬಾಗಿಲು, ಹೆಂಚು, ಒರಳುಕಲ್ಲು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೊರಟದ್ದನ್ನು ಅವರು ಹೇಳುವಾಗ ಧ್ವನಿ ತಗ್ಗುತ್ತದೆ. ಆದರೆ ಕಥೆ ಬೆಕ್ಕಿನ ಹತ್ತಿರ ಬಂದ ಕೂಡಲೇ ಮುಖ ಅರಳುತ್ತದೆ. ಅವರ ಮನೆಯ ಬೆಕ್ಕು ಗೋಡೆ ಮಾತ್ರ ಉಳಿದ ಹಳೆಯ ಮನೆಗೆ ಮೂರು ಸಲ ಓಡಿಹೋಯಿತಂತೆ. ಮೂರು ಸಲವೂ ಚೀಲದಲ್ಲಿ ಹಾಕಿ ತಂದರಂತೆ. ನಾಲ್ಕನೆಯ ಸಲ ಯಾರೂ ಹೋಗಲಿಲ್ಲ. ನೀರು ಅಂಗಳಕ್ಕೆ ಬಂದ ಮೇಲೆ ಅದು ತಾನಾಗಿಯೇ ಬಂದು, ಎರಡು ದಿನ ಹಾಲು ಮುಟ್ಟದೆ ಎಲ್ಲರಿಗೂ ಬೆನ್ನು ತಿರುಗಿಸಿ ಕುಳಿತಿತಂತೆ. "ನಾವು ಅಳುವುದನ್ನು ಬಿಟ್ಟು ಬೆಕ್ಕಿಗೆ ಸಮಾಧಾನ ಹೇಳಲು ಕುಳಿತೆವು" ಎನ್ನುತ್ತಾ ದೊಡ್ಡಮ್ಮ ನೀರಿನ ಕಡೆ ನೋಡಿ ನಗುತ್ತಿದ್ದರು.

ಕಳಸವಳ್ಳಿಯಲ್ಲಿ ಇಳಿದವರಲ್ಲಿ ಹೆಚ್ಚಿನವರು ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೊರಟರು. ತೋಟ, ಗದ್ದೆಗಳ ಬೇಲಿಯಲ್ಲಿ 'ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ' ಎಂಬ ಫಲಕವನ್ನು ಮಲೆನಾಡಿನಲ್ಲಿ ತಿರುಗಾಡಿದವರೆಲ್ಲ ನೋಡಿರುತ್ತಾರೆ. ದೊಡ್ಡಮ್ಮನ ಸೌತೆ ಬಳ್ಳಿಯ ಬೇಲಿಯಲ್ಲೂ ಒಂದಿದೆ. ಕಳ್ಳತನ ನಿಂತಿತೇ ಎಂದು ಕೇಳಿದೆ. "ಒಬ್ಬ ಕಳ್ಳನೂ ಬಂದಿಲ್ಲ, ಎಲ್ಲ ಅಮ್ಮನ ದಯೆ. ಮಂಗಗಳು ಬರುತ್ತವೆ. ಅವಕ್ಕೆ ಓದಲು ಯಾರೂ ಕಲಿಸಿಲ್ಲವಲ್ಲ, ಅವುಗಳ ತಪ್ಪೇನು?" ಎಂದರು.

ಅಂದು ಮುಸ್ಸಂಜೆ ನಾನು ಜಗುಲಿಯಲ್ಲಿ ಕುಳಿತಿದ್ದೆ. ದೊಡ್ಡಮ್ಮ ಬಂದು ಗುಂಡಿ ಒತ್ತಿದರು. ಬಲ್ಬು ಹೊತ್ತಿಕೊಂಡಿತು. ಅವರು ಅದಕ್ಕೆ ಕೈಮುಗಿದು ಒಳಗೆ ಹೋದರು. ಮುಸ್ಸಂಜೆಯ ದೀಪಕ್ಕೆ ಕೈಮುಗಿಯುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ನನ್ನ ಅಮ್ಮನೂ ಮುಗಿಯುತ್ತಿದ್ದರು. ಆದರೆ ಅಂದು ಅದು ಬೇರೆಯಾಗಿ ಕಂಡಿತು. ಅವರ ಗದ್ದೆಯ ಮೇಲೆ ನಿಂತ ನೀರು ತಳಕಳಲೆಯ ಜಲಾಶಯಕ್ಕೆ ಹರಿದು, ಅಲ್ಲಿಂದ ಕೊಳವೆಗಳಲ್ಲಿ ಧುಮುಕಿ ಶರಾವತಿ ವಿದ್ಯುದಾಗಾರದ 10 ಘಟಕಗಳನ್ನು ತಿರುಗಿಸುತ್ತದೆ. ಒಟ್ಟು 1035 ಮೆಗಾವ್ಯಾಟ್. ನಾಡೆಲ್ಲ ಬೆಳಗಿದ ಮೇಲೂ ಈ ದಂಡೆಯ ಮನೆಯಲ್ಲಿ ಬಹಳ ಕಾಲ ಸೀಮೆಎಣ್ಣೆ ಬುಡ್ಡಿಯೇ ಇತ್ತು. ಬೆಂಗಳೂರಿನ ನನ್ನ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಗುಂಡಿ ಒತ್ತುತ್ತೇನೋ ಲೆಕ್ಕವಿಲ್ಲ. ಕೊಟ್ಟವರು ಕೈಮುಗಿಯುತ್ತಿದ್ದಾರೆ, ಪಡೆದವನು ಸುಮ್ಮನೆ ಕುಳಿತಿದ್ದೇನೆ. ಆ ಸಂಜೆಯಿಂದ ನಾನೂ ಮುಗಿಯುತ್ತೇನೆ.

ಊಟದ ಹೊತ್ತಿಗೆ ದೊಡ್ಡಪ್ಪನ ಮಾತು ಬಂತು. ವರ್ಷಗಳ ಹಿಂದೆ ಒಂದು ರಾತ್ರಿ ಅವರಿಗೆ ಎದೆನೋವು ಬಂದಿತ್ತು. ಲಾಂಚ್ ನಿಂತು ಎಷ್ಟೋ ಹೊತ್ತಾಗಿತ್ತು. ಯಾರೋ ಓಡಿಹೋಗಿ ಲಾಂಚಿನವರನ್ನು ಎಬ್ಬಿಸಿದರು. ಅವರು ಎದ್ದು ಬಂದು, ಕತ್ತಲೆಯಲ್ಲಿ ಒಬ್ಬ ರೋಗಿಗಾಗಿ ಹೊಳೆ ದಾಟಿಸಿದರು. ದೊಡ್ಡಪ್ಪ ಆ ಮೇಲೆ ಒಂಬತ್ತು ವರ್ಷ ಬದುಕಿದರು. ಅಂದಿನಿಂದ ದೊಡ್ಡಮ್ಮ ಪ್ರತಿ ಹಬ್ಬಕ್ಕೂ ಲಾಂಚಿನವರಿಗೆ ಕಡುಬು ಕಳಿಸುತ್ತಾ ಬಂದಿದ್ದಾರೆ. ಅಂದು ಎದ್ದು ಬಂದವರು ಈಗ ಅಲ್ಲಿಲ್ಲ. ಆದರೂ ಕಡುಬು ಹೋಗುತ್ತದೆ.

2025ರ ಜುಲೈ 14ರಂದು ಅದೇ ಹೊಳೆಗೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿ.ಮೀ., ನಡುವಿನ ಭಾಗ ಕೇಬಲ್‌ಗಳಿಗೆ ತೂಗಿಕೊಂಡಿದೆ. ಹಿನ್ನೀರಿನ ಜನ ದಶಕಗಳಿಂದ ಕೇಳುತ್ತಾ ಬಂದದ್ದು ಕೊನೆಗೂ ಆಯಿತು. ಸುದ್ದಿ ಓದಿದ ದಿನ ನಾನು ಮೊದಲು ನೆನೆದದ್ದು ದೊಡ್ಡಪ್ಪನ ಆ ರಾತ್ರಿಯನ್ನು.

ಅಕ್ಟೋಬರ್ ಮೊದಲ ವಾರ, ಭೂಮಿ ಹುಣ್ಣಿಮೆಗೆಂದು ಮತ್ತೆ ಹೋದೆ. ದೊಡ್ಡಮ್ಮ ಹಬ್ಬದ ಸಾಮಾನಿಗೆ ಸಾಗರಕ್ಕೆ ಬಂದಿದ್ದರು. ಸಂಜೆಯ ಬಸ್ಸಿನಲ್ಲಿ ಜೊತೆಯಾಗಿ ಹೊರಟೆವು. ಬಸ್ ಸೇತುವೆಯ ಮೇಲೆ ಏರಿತು. ಕಿಟಕಿಯ ಎರಡೂ ಕಡೆ ತುಂಬಿದ ಹಿನ್ನೀರು, ಸಾಯುವ ಬಿಸಿಲಿಗೆ ತಾಮ್ರದ ಬಣ್ಣ. ಕೇಬಲ್‌ಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ದೊಡ್ಡಮ್ಮ ಅಭ್ಯಾಸದಂತೆ ಸಂಚಿ ಬಿಚ್ಚಿದರು. ಎಲೆ ಒರೆಸಿದರು, ತೊಟ್ಟು ಮುರಿದರು. ಸುಣ್ಣದ ಡಬ್ಬಿ ತೆರೆದು ಬೆರಳಿಗೆ ತೆಗೆದುಕೊಳ್ಳುವಷ್ಟರಲ್ಲಿ ಬಸ್ ಆಚೆ ದಡಕ್ಕೆ ಇಳಿಯಿತು.

ಅವರು ಬೆರಳಿನ ಮೇಲಿನ ಸುಣ್ಣವನ್ನು ನೋಡಿದರು, ನನ್ನನ್ನು ನೋಡಿದರು. "ಅಯ್ಯೋ, ಬಂದೇಬಿಟ್ಟಿತಲ್ಲ!" ಎಂದು ನಗಲು ಶುರು ಮಾಡಿದರು. ನಗು ನಿಲ್ಲಲೇ ಇಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿ, ಕಾರಣ ತಿಳಿದು ಅವರೂ ನಕ್ಕರು. ಕಣ್ಣೊರೆಸಿಕೊಂಡು ಸುಮ್ಮನಾದ ಮೇಲೆ ಅವರು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: "ಇನ್ನು ಲಾಂಚಿನ ಹುಡುಗರಿಗೆ ಕಡುಬು ಕೊಡುವುದು ಹೇಗೆ?" ಮೊಮ್ಮಗನ ಬೈಕಿನಲ್ಲಿ ಕಳಿಸೋಣ, ಎಲ್ಲಿದ್ದರೂ ಹುಡುಕಿ ಕೊಡುತ್ತಾನೆ ಎಂದೆ. ಆಗ ನೆಮ್ಮದಿಯಾಗಿ ಕವಳ ಮಡಿಸಿದರು.

ಭೂಮಿ ಹುಣ್ಣಿಮೆ ಬಲ್ಲವರಿಗೆ ಆ ರಾತ್ರಿಯ ಅಡುಗೆಮನೆಯ ಬಿಸಿ ಗೊತ್ತಿರುತ್ತದೆ. ಗದ್ದೆಯಲ್ಲಿ ಭತ್ತಕ್ಕೆ ಹೊಡೆ ಮೂಡುವ ಕಾಲವದು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು. ಹೆಂಗಸರು ರಾತ್ರಿಯಿಡೀ ಮಲಗಲಿಲ್ಲ. ಗುಡ್ಡದಿಂದ, ಹಿತ್ತಿಲಿನಿಂದ ಕಿತ್ತು ತಂದ ಬಗೆಬಗೆಯ ಸೊಪ್ಪು ಒಂದು ಪಾತ್ರೆಯಲ್ಲಿ ಬೇಯುತ್ತಿತ್ತು, ಇನ್ನೊಂದರಲ್ಲಿ ಕಡುಬು. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಜಗುಲಿಯಲ್ಲಿ ಕಾಯುತ್ತಿತ್ತು. ಗೆರೆಗಳು ಎಷ್ಟು ಸಣ್ಣವೆಂದರೆ ನಾನು ಬಹಳ ಹೊತ್ತು ಅದರ ಮುಂದೆಯೇ ಕುಳಿತಿದ್ದೆ.

ದೊಡ್ಡಮ್ಮ ಬುಟ್ಟಿಗೆ ಎಡೆ ತುಂಬುವಾಗ ಮೂರು ಪಾಲು ಮಾಡಿದರು. ಒಂದು ಭೂಮಿತಾಯಿಗೆ, ಒಂದು ಕಾಗೆಗೆ, ಒಂದು ಇಲಿಗೆ. ಬೆಳೆ ತಿನ್ನುವ ಇಲಿಗೂ ಪಾಲೇ ಎಂದೆ.

"ಕೊಟ್ಟರೂ ತಿನ್ನುತ್ತದೆ, ಕೊಡದಿದ್ದರೂ ತಿನ್ನುತ್ತದೆ. ಕರೆದು ಬಡಿಸಿದರೆ ಅದಕ್ಕೂ ಮರ್ಯಾದೆ, ನಮಗೂ ಮರ್ಯಾದೆ."

ಇನ್ನೂ ಕತ್ತಲಿರುವಾಗಲೇ ಅವರ ಮಗ ಬುಟ್ಟಿ ಹೊತ್ತು ಗದ್ದೆಗೆ ಹೊರಟ. ಹಿಂದೆ ನಾನು, ಮಕ್ಕಳು. ಹುಣ್ಣಿಮೆಯ ಚಂದ್ರ ಪಡುವಣದಲ್ಲಿ ಇಳಿಯುತ್ತಿದ್ದ. ಬದುವಿನ ಮೇಲೆ ನಡೆಯುತ್ತಾ ಅವನು "ಅಚ್ಚಂಬಲಿ, ಹಾಲಂಬಲಿ" ಎಂದು ಕೂಗಿ ಚರಗ ಬೀರಿದ. ಆಚೆಯ ಗದ್ದೆಯಿಂದ ಮತ್ತೊಂದು ಕೂಗು, ಅದರಾಚೆಯಿಂದ ಇನ್ನೊಂದು. ಮಂಜಿನೊಳಗೆ ಮನುಷ್ಯರು ಕಾಣುತ್ತಿರಲಿಲ್ಲ, ಧ್ವನಿಗಳು ಮಾತ್ರ ಹೊಲದಿಂದ ಹೊಲಕ್ಕೆ ಹೋಗುತ್ತಿದ್ದವು.

ಮನೆಗೆ ಬಂದಾಗ ದೊಡ್ಡಮ್ಮ ಹೊಸಿಲಲ್ಲೇ ನಿಂತಿದ್ದರು.

"ಇಲಿಯ ಪಾಲು ಇಟ್ಟೆಯಾ?"

"ಇಟ್ಟೆ."

"ಕರೆದೆಯಾ?"

ಅವನು ತಲೆ ಕೆರೆದುಕೊಂಡ. ದೊಡ್ಡಮ್ಮ ಏನೂ ಹೇಳಲಿಲ್ಲ, ಗದ್ದೆಯ ಕಡೆ ಕೈ ತೋರಿಸಿದರು. ಐವತ್ತು ದಾಟಿದ ಮಗ ಮರುಮಾತಾಡದೆ ತಿರುಗಿ ನಡೆದ. ಮಕ್ಕಳು ಬಾಯಿಗೆ ಕೈಯಡ್ಡ ಹಿಡಿದು ನಗುತ್ತಾ ಅವನ ಹಿಂದೆ ಓಡಿದರು. ಜಗುಲಿಯ ಬಲ್ಬು ಆರಿಸಿ ದೊಡ್ಡಮ್ಮ ನನ್ನ ಪಕ್ಕದಲ್ಲಿ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಬದುವಿನ ಕಡೆಯಿಂದ, ಬೀಗರನ್ನು ಪಂಕ್ತಿಗೆ ಕರೆಯುವ ಗಟ್ಟಿ ಧ್ವನಿಯಲ್ಲಿ, ಅವನ ಕೂಗು ಕೇಳಿಸಿತು: "ಊಟಕ್ಕೆ ಬನ್ನಿ, ಎಲ್ಲರೂ ಊಟಕ್ಕೆ ಬನ್ನಿ!"